ಮೇಲಿನ ಮನೆಯ ಜಗಳ: ಸುಮ್ನಿರಬೇಕಾ, ಬೆಲ್ ಒತ್ತಬೇಕಾ?

ಕೆಳಗಿನಮನೆ · ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ಬಡಾವಣೆ ಹೆಸರು ಬೇಡ. ನಾವು ಕೆಳಗಿನ ಮನೆಯಲ್ಲಿದ್ದೇವೆ, ಮೇಲೆ ಇನ್ನೊಂದು ಬಾಡಿಗೆ ಸಂಸಾರ. ಗಂಡ, ಹೆಂಡತಿ, ಎರಡನೇ ಕ್ಲಾಸಿನ ಒಬ್ಬ ಹುಡುಗ. ಬಂದು ಎಂಟು ತಿಂಗಳಾಯಿತು. ವಾರದಲ್ಲಿ ಎರಡು ಮೂರು ರಾತ್ರಿ ಮೇಲಿಂದ ಸದ್ದು ಬರುತ್ತದೆ. ಮೊದಲು ಅವನ ದನಿ, ಆಮೇಲೆ ಪಾತ್ರೆ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತೇ ನನಗೆ ಜಾಸ್ತಿ ಹೆದರಿಕೆ. ಬೆಳಿಗ್ಗೆ ನಲ್ಲಿ ಹತ್ತಿರ ಸಿಕ್ಕರೆ ಆಕೆ "ತಿಂಡಿ ಆಯ್ತಾ ಅಕ್ಕ" ಎಂದು ನಗುತ್ತಾಳೆ. ಈ ಬಿಸಿಲಲ್ಲೂ ಉದ್ದ ತೋಳಿನ ನೈಟಿ, ಮೇಲೊಂದು ಟವೆಲ್.

ಹುಡುಗ ಸ್ಕೂಲ್ ಬಿಟ್ಟ ಮೇಲೆ ನಮ್ಮ ಮನೆಗೇ ಬರುತ್ತಾನೆ. ಮೊನ್ನೆ ಕೋಡುಬಳೆ ಕೊಟ್ಟಿದ್ದೆ, ತಿನ್ನುತ್ತಾ ಕಾಪಿ ಬರೆಯುತ್ತಿದ್ದ. ರಸ್ತೆ ತಿರುವಿನಲ್ಲಿ ಒಂದು ಬೈಕ್ ಸದ್ದು. ದಿನಕ್ಕೆ ನೂರು ಬೈಕ್ ಹೋಗುತ್ತವೆ, ಯಾವುದು ಯಾರದು ಎಂದು ನನಗಂತೂ ಗೊತ್ತಾಗುವುದಿಲ್ಲ. ಇವನು ಪೆನ್ಸಿಲ್ ಎತ್ತಿ ಹಿಡಿದು ಹಾಗೇ ಕೂತ. ಬಾಯಲ್ಲಿದ್ದ ಚೂರನ್ನು ಅಗಿಯಲೂ ಇಲ್ಲ. ಗೇಟಿನ ಒಳಗೆ ಬೈಕ್ ನಿಂತಿತು, ಸ್ಟ್ಯಾಂಡ್ ಹಾಕಿದ ಸದ್ದು ಬಂತು. ಆಗ ಉಸಿರು ಬಿಟ್ಟು "ಡಬಲ್ ಸ್ಟ್ಯಾಂಡು ಆಂಟಿ, ಇವತ್ತೇನಿಲ್ಲ" ಎಂದ. ಏನೋ ಹಾಗಂದ್ರೆ ಎಂದು ಕೇಳಿದೆ. ಅಪ್ಪ ಸರಿ ಇದ್ದರೆ ಡಬಲ್ ಸ್ಟ್ಯಾಂಡ್ ಹಾಕುತ್ತಾರಂತೆ, ಕುಡಿದು ಬಂದರೆ ಸೈಡ್ ಸ್ಟ್ಯಾಂಡಂತೆ.

ನಮ್ಮ ಮನೆಯವರು "ನಮಗ್ಯಾಕೆ, ಓನರ್‌ಗೆ ಹೇಳಿದರೆ ಅವರನ್ನು ಖಾಲಿ ಮಾಡಿಸುತ್ತಾರೆ ಅಷ್ಟೇ" ಎನ್ನುತ್ತಾರೆ. ಅದೂ ನಿಜವೇ. ಏನು ಮಾಡಲಿ?

ರಾಗಿಮುದ್ದೆ · 10:52

ಅಕ್ಕ, ಬೇಜಾರಾಗಬೇಡಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ನಮ್ಮ ಬೀದಿಯಲ್ಲಿ ಹೀಗೇ ಆದಾಗ ನಮ್ಮ ಮಾವ ಬಿಡಿಸಲು ಹೋದರು. ಮಾರನೇ ದಿನ ಗಂಡ ಹೆಂಡತಿ ಇಬ್ಬರೂ ಒಂದಾಗಿ ಮಾವನಿಗೇ ಮಂಗಳಾರತಿ ಮಾಡಿದರು. "ನನ್ನ ಗಂಡ, ಹೊಡೀತಾನೆ, ನಿಂಗೇನು" ಅಂದಿದ್ದು ಆ ಹೆಂಗಸೇ. ಅವತ್ತಿನಿಂದ ಮಾವ ಯಾರ ಜಗಳಕ್ಕೂ ಹೋಗಿಲ್ಲ, ಸ್ವಂತ ಮನೆ ಜಗಳ ಬಿಟ್ಟು.

ಕಾಫಿಪುಡಿ · 10:55

ಹಿರಿಯರು ಇನ್ನೊಂದೂ ಹೇಳಿದ್ದಾರಲ್ಲ ಗೌಡ್ರೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ. ಅದನ್ನು ಯಾಕೆ ನುಂಗಿಬಿಟ್ಟಿರಿ?

ರಾಗಿಮುದ್ದೆ · 10:56

ನಾನು ಗೌಡ ಅಂತ ಯಾರು ಹೇಳಿದ್ದು

ತುಂಗಾತೀರ · 11:20

ಬರೆಯಬಾರದು ಅಂದುಕೊಂಡಿದ್ದೆ, ಆ ಡಬಲ್ ಸ್ಟ್ಯಾಂಡ್ ವಿಷಯ ಓದಿದ ಮೇಲೆ ಸುಮ್ನಿರಲು ಆಗಲಿಲ್ಲ. ನನಗೀಗ ನಲವತ್ತೊಂದು. ನಮ್ಮ ಮನೆಯಲ್ಲಿ ಬೈಕ್ ಇರಲಿಲ್ಲ, ಅಪ್ಪನ ಕೆಮ್ಮು ಇತ್ತು. ದಣಪೆ ದಾಟುವಾಗ ಕೆಮ್ಮಿದರೆ ಅವತ್ತು ಪರವಾಗಿಲ್ಲ. ಕೆಮ್ಮದೆ ಬಂದರೆ ನಾನು ತಂಗಿಯನ್ನು ಎಬ್ಬಿಸಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದೆ.

ಅದಕ್ಕೂ ಮುಂಚೆ ದಿನಾ ಒಂದು ಕೆಲಸ ಇರುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಈಳಿಗೆಮಣೆ ತೆಗೆದುಕೊಂಡು ಹೋಗಿ ಕೊಟ್ಟಿಗೆಯ ದರಗಿನ ರಾಶಿಯೊಳಗೆ ಬಚ್ಚಿಡುವುದು. ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಅದು ಅಡುಗೆಮನೆಗೆ ವಾಪಸ್ ಬಂದಿರುತ್ತಿತ್ತು, ಅಮ್ಮ ಅದರ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿರುತ್ತಿದ್ದಳು. ನಾನು ಬಚ್ಚಿಡುತ್ತೇನೆ ಎಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತು ಎಂದು ನನಗೂ ಗೊತ್ತು. ನಾಲ್ಕೈದು ವರ್ಷ ಹೀಗೇ ನಡೆಯಿತು. ಒಂದು ಸಲವೂ ಅದರ ಮಾತೆತ್ತಲಿಲ್ಲ ನಾವು. ಅಮ್ಮ ಹೋಗಿ ಆರು ವರ್ಷವಾಯಿತು, ಇನ್ನು ಎತ್ತುವ ಹಾಗೂ ಇಲ್ಲ.

ಅಪ್ಪ ನನ್ನ ಮೇಲೆ ಒಂದು ದಿನವೂ ಕೈ ಮಾಡಿಲ್ಲ. ಹಾಗಾಗಿ ಊರಿನವರ ಲೆಕ್ಕದಲ್ಲಿ ನನಗೇನೂ ಆಗಿಲ್ಲ. ಆದರೆ ಹೈಸ್ಕೂಲಿಗೆ ಹೋಗುವ ತನಕ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದೆ. ಪರೀಕ್ಷೆ ಬಂದರೆ ಹೊಟ್ಟೆನೋವು. ತಂಗಿಗೆ ತೊದಲು ಬಂತು, ಅವಳ ಮದುವೆ ತನಕ ಹೋಗಲಿಲ್ಲ. ಈಗಲೂ ಆಫೀಸಿನಲ್ಲಿ ಯಾರಾದರೂ ಬಾಗಿಲು ದಡಾರ್ ಅಂತ ಹಾಕಿದರೆ ಬೆನ್ನು ಸೆಟೆದುಕೊಳ್ಳುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುಮ್ನೆ ಕೂತಿದ್ದರೂ "ಏನಾಯ್ತು, ನಾನೇನು ಮಾಡಿದೆ" ಅಂತ ಹತ್ತು ಸಲ ಕೇಳುತ್ತಿದ್ದೆ, ಪಾಪ ಅವಳಿಗೆ ತಲೆ ಕೆಟ್ಟುಹೋಗುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಜಗಳ ಬಿಡಿಸಲು ಯಾವತ್ತೂ ಬಂದವರಲ್ಲ. ಜೋರಾದಾಗ ಲಾಟೀನು ಹಿಡಿದು ಅಂಗಳಕ್ಕೆ ಬಂದು "ಯಾರೋ ಅದು, ದನ ನುಗ್ಗಿತಾ?" ಎಂದು ಕೂಗುತ್ತಿದ್ದರು. ಯಾವ ದನವೂ ನುಗ್ಗಿರುತ್ತಿರಲಿಲ್ಲ. ಆದರೆ ಅಪ್ಪ ನಿಲ್ಲಿಸುತ್ತಿದ್ದ. ಆ ರಾತ್ರಿಗೆ ಅಷ್ಟು ಸಾಕಾಗುತ್ತಿತ್ತು.

ರಾಗಿಮುದ್ದೆ · 11:31

ತಪ್ಪಾಯಿತು ಅಣ್ಣ. ಹಗುರವಾಗಿ ಬರೆದುಬಿಟ್ಟೆ.

ಕರಿಕೋಟು · 11:48

ಕೋರ್ಟಿನಲ್ಲಿ ಈ ಕೇಸುಗಳನ್ನೇ ನಡೆಸುವವಳು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಎಲ್ಲರ ತಲೆಯಲ್ಲಿ ಎರಡೇ ದಾರಿ ಇರುತ್ತದೆ. ಅನುಭವಿಸಿಕೊಂಡು ಇರು, ಇಲ್ಲ ಗಂಡನನ್ನು ಜೈಲಿಗೆ ಹಾಕಿಸು. ನಡುವೆ ಒಂದು ಕಾನೂನು ಇದೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆ. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಅದರಲ್ಲಿ ಹೆಂಗಸು ಕೇಳುವುದು ರಕ್ಷಣೆ. ಇನ್ನು ಹೊಡೆಯಬಾರದು, ಕೆಲಸದ ಜಾಗಕ್ಕೆ ಬಂದು ಗಲಾಟೆ ಮಾಡಬಾರದು ಅಂತ ಆದೇಶ. ಇರಲು ಮನೆ, ಖರ್ಚಿಗೆ ದುಡ್ಡು, ಮಗು ಸದ್ಯಕ್ಕೆ ಅವಳ ಹತ್ತಿರ ಇರಲಿ ಅಂತ ಆದೇಶ. ರಕ್ಷಣೆಯ ಆದೇಶ ಮುರಿದರೆ ಆಗ ಕ್ರಿಮಿನಲ್ ಆಗುತ್ತದೆ, ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ಮಾವನ ಹೆಸರಲ್ಲಿದೆ, ನಿನಗೇನೂ ಹಕ್ಕಿಲ್ಲ ಅಂತ ಹೊರಗೆ ಹಾಕುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಉತ್ತರ ಕೊಟ್ಟಿದೆ. ಅತ್ತೆ ಮಾವನ ಹೆಸರಿನ ಮನೆಯಾದರೂ ಅವಳು ಅಲ್ಲಿ ಸಂಸಾರ ಮಾಡಿದ್ದರೆ ಇರುವ ಹಕ್ಕು ಕೇಳಬಹುದು. ಬಾಡಿಗೆ ಮನೆಯೂ ಲೆಕ್ಕಕ್ಕೆ ಬರುತ್ತದೆ.

ಕೆಳಗಿನಮನೆ ಮೇಡಂ, ನಿಮಗೆ ಬೇಕಾದದ್ದು 4ನೇ ಸೆಕ್ಷನ್. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣ ಇರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೆಂಟರೇ ಆಗಬೇಕಿಲ್ಲ. ಒಳ್ಳೇ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವ ಆಫೀಸು ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಅವರು ಬರೆಯುವ ವರದಿಗೆ ಡಿಐಆರ್ ಎನ್ನುತ್ತಾರೆ, ಅದು ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ, ನಂಬರ್ 15100. ಅರ್ಜಿಯನ್ನು 60 ದಿನದೊಳಗೆ ಮುಗಿಸಲು ನೋಡಬೇಕು ಅಂತ ಕಾಯ್ದೆಯಲ್ಲಿದೆ. ನಿಜಕ್ಕೂ ಎಷ್ಟು ಎಳೆಯುತ್ತದೆ ಅಂತ ಕೇಳಬೇಡಿ, ಅದಕ್ಕೇ ಮಧ್ಯಂತರ ಆದೇಶವನ್ನು ಮೊದಲು ಕೇಳುವುದು.

ಒಂದು ಮಾತು. ಅವಳನ್ನು ಕೇಳದೆ ಹೋಗಿ ಅರ್ಜಿ ಕೊಟ್ಟು ಬರಬೇಡಿ. ರಾತ್ರಿ ಆ ಮನೆಯಲ್ಲಿ ಇರುವವಳು ಅವಳು, ನೀವಲ್ಲ. ಜೀವಕ್ಕೇ ಅಪಾಯ ಅನ್ನಿಸಿದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ, 112.

ಒಂದೇಮಾತು · 11:57

ಬಂತು ನೋಡಿ ಕಾನೂನು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಹೆಂಡತಿ ಹಾಕಿದ ಕೇಸುಗಳ ಬಗ್ಗೆ ವಿಡಿಯೊ ಮಾಡಿಟ್ಟು ಜೀವ ಬಿಟ್ಟರು, ಇಡೀ ದೇಶ ಮಾತಾಡಿತು. ಮರೆತಿರಾ? ನನ್ನ ಸ್ನೇಹಿತನ ಕೇಸಿನಲ್ಲಿ ಅವನ ಅಕ್ಕನ ಹೆಸರೂ ಎಫ್‌ಐಆರ್‌ನಲ್ಲಿ. ಅಕ್ಕ ಇರುವುದು ಪುಣೆಯಲ್ಲಿ, ಮೂರು ವರ್ಷದಿಂದ ಈ ಕಡೆ ಬಂದೇ ಇಲ್ಲ. ಗಂಡಸು ಎಲ್ಲಿ ಹೋಗಿ ಹೇಳಿಕೊಳ್ಳಬೇಕು?

ಕರಿಕೋಟು · 12:06

ಪುಣೆಯ ಅಕ್ಕನನ್ನು ಎಳೆದದ್ದು ತಪ್ಪೇ ಸರ್, ನಾನು ಆ ದೂರನ್ನು ಬರೆಯುತ್ತಿರಲಿಲ್ಲ. ಹಾಗೆ ನೆಂಟರನ್ನೆಲ್ಲ ಸೇರಿಸುವುದನ್ನು ಸುಪ್ರೀಂ ಕೋರ್ಟ್ ಎಷ್ಟೋ ಸಲ ಬೈದಿದೆ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ದೂರು ಬಿದ್ದ ತಕ್ಷಣ ಎಳೆದುಕೊಂಡು ಹೋಗುವ ಹಾಗೂ ಇಲ್ಲ. ಆದರೆ ನೀವು ಹೇಳುತ್ತಿರುವುದು 498ಎ, ಗಂಡ ಮತ್ತು ಅವನ ನೆಂಟರ ಕ್ರೌರ್ಯಕ್ಕೆ ಹಾಕುವ ಕ್ರಿಮಿನಲ್ ಸೆಕ್ಷನ್. 1983ರಲ್ಲಿ ಬಂದದ್ದು, 2024ರ ಜುಲೈ 1ರಿಂದ ಅದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 85. ನಾನು ಹೇಳಿದ್ದು ಬೇರೆ ಕಾಯ್ದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಒಂದೇಮಾತು · 12:09

ಕಾಯ್ದೆ ಬೇರೆ ಇರಬಹುದು, ಹೆದರಿಕೆ ಒಂದೇ.

ಕಾಫಿಪುಡಿ · 12:11

ಬೇರೆ ಚರ್ಚೆ ಶುರು ಮಾಡಿ ಸರ್, ನಾನೇ ಬಂದು ನಿಮ್ಮ ಪರ ಬರೆಯುತ್ತೇನೆ. ಗಂಡಸರೂ ಏಟು ತಿನ್ನುತ್ತಾರೆ, ನಮ್ಮ ಚಿಕ್ಕಪ್ಪನೇ ಇದ್ದಾರೆ. ಆದರೆ ಇಲ್ಲಿ ಒಬ್ಬಳು ಪೂರ್ತಿ ತೋಳು ಮುಚ್ಚಿಕೊಂಡು ನೀರು ಹಿಡಿಯುತ್ತಿದ್ದಾಳೆ, ಅವಳ ವಿಷಯ ಬಂದಾಗಲೆಲ್ಲ ಪುಣೆಗೆ ಯಾಕೆ ಹೋಗಬೇಕು?

ಲೆಕ್ಕದಪುಸ್ತಕ · ಬೆಳಿಗ್ಗೆ 7:15

ನಿದ್ದೆಯಿಂದ ಎದ್ದು ಇಷ್ಟೂ ಓದಿದೆ. ನಮ್ಮ ರಾಜ್ಯದವರು ಒಂದು ಅಂಕಿ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ 44.4%. ದೇಶದಲ್ಲೇ ಜಾಸ್ತಿ. ದೇಶದ ಸರಾಸರಿ 29.3%. ಬಿಹಾರ ಯುಪಿ ಎಂದು ಬೆರಳು ತೋರಿಸುತ್ತಾ ಕೂತಿದ್ದೆವಲ್ಲ. ಅದಕ್ಕೆ ಹಿಂದಿನ 2015-16ರ ಸಮೀಕ್ಷೆಯಲ್ಲಿ ನಮ್ಮದು 20.6% ಇತ್ತು.

ಒಂದೇಮಾತು · 7:40

ನಾಲ್ಕು ವರ್ಷದಲ್ಲಿ ಡಬಲ್ ಆಗುತ್ತದಾ? ಸಮೀಕ್ಷೆಯವರು ಏನು ಕೇಳಿದರೋ, ಇವರು ಏನು ಹೇಳಿದರೋ.

ಲೆಕ್ಕದಪುಸ್ತಕ · 8:02

ನ್ಯಾಯವಾದ ಪ್ರಶ್ನೆ. ಹೊಡೆತ ಡಬಲ್ ಆಯಿತೋ, ಹೇಳಿಕೊಳ್ಳುವವರು ಜಾಸ್ತಿಯಾದರೋ, ಅಂಕಿ ನೋಡಿ ಬಿಡಿಸಿ ಹೇಳಲು ಆಗುವುದಿಲ್ಲ. ಆದರೆ ಕೇಳುವ ರೀತಿ ಗಟ್ಟಿಯಾಗಿದೆ. ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ, ಬೇರೆಯವರು ಪಕ್ಕದಲ್ಲಿದ್ದರೆ ಕೇಳುವುದೇ ಇಲ್ಲ. ಹಿಂಸೆ ಎಂಬ ಪದ ಬಳಸುವುದಿಲ್ಲ, ತಳ್ಳಿದ್ದಾರಾ, ಕೆನ್ನೆಗೆ ಹೊಡೆದಿದ್ದಾರಾ, ಕೂದಲು ಹಿಡಿದು ಎಳೆದಿದ್ದಾರಾ ಎಂದು ಒಂದೊಂದಾಗಿ ಕೇಳುತ್ತಾರೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ, ಹೆಂಡತಿಗೆ ಹೊಡೆಯುವುದು ಸರಿಯಾ ಅಂತ. ಏಳು ಕಾರಣ ಕೊಡುತ್ತಾರೆ: ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ವಾದಿಸಿದರೆ, ಹಾಸಿಗೆಗೆ ಬರಲ್ಲ ಎಂದರೆ, ಅಡುಗೆ ಕೆಟ್ಟರೆ, ಅನುಮಾನ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಒಂದಕ್ಕಾದರೂ ಹೌದು ಹೊಡೆಯಬಹುದು ಎಂದವರು ಕರ್ನಾಟಕದ ಗಂಡಸರಲ್ಲಿ 81.9%, ಹೆಂಗಸರಲ್ಲಿ 76.9%. ರಾಗಿಮುದ್ದೆಯವರ ಮಾವನನ್ನು ಬೈದ ಹೆಂಗಸು ಒಬ್ಬಳೇ ಅಲ್ಲ.

ಸೋರೆಬುರುಡೆ · 8:10

ಅಡುಗೆ ಕೆಟ್ಟರೆ ಹೊಡೆಯುವುದಾದರೆ ನಮ್ಮ ಮನೆಯಲ್ಲಿ ನನಗೇ ಮೊದಲು ಬೀಳಬೇಕು, ಅಡುಗೆ ನಾನೇ ಮಾಡುವುದು

ಬ್ಯಾಡಗಿಖಾರ · 9:30

ಎಲ್ಲರೂ ಹೊಡೆತದ ಬಗ್ಗೆಯೇ ಬರೆಯುತ್ತಿದ್ದೀರಿ. ನನ್ನ ಗಂಡ ಹನ್ನೊಂದು ವರ್ಷದಲ್ಲಿ ಒಂದೇಟು ಹಾಕಲಿಲ್ಲ. ತವರಿನಲ್ಲಿ ಹೇಳಿಕೊಂಡರೆ "ಹೊಡದಿಲ್ಲಲ್ಲ, ಮತ್ತೇನಾಗೇದ ನಿನಗ" ಅನ್ನುತ್ತಿದ್ದರು. ಏನಾಗಿತ್ತು ಹೇಳುತ್ತೇನೆ ಕೇಳಿ. ತರಕಾರಿಗೆ ನೂರು ರೂಪಾಯಿ ಕೊಟ್ಟು ಚೀಟಿ ಬರೆದು ತೋರಿಸು ಅನ್ನುತ್ತಿದ್ದ. 97ರ ಲೆಕ್ಕ ಸಿಕ್ಕಿದರೆ ಉಳಿದ ಮೂರು ರೂಪಾಯಿ ಎಲ್ಲಿ ಎಂದು ಹಾಲ್‌ನಲ್ಲಿ ನಿಲ್ಲಿಸುತ್ತಿದ್ದ. ಕೂರುವ ಹಾಗಿಲ್ಲ. ಅವನು ಟಿವಿ ನೋಡುವುದು, ನಡುನಡುವೆ ತಿರುಗಿ "ನೆನಪಾಯಿತೇನು?" ಎಂದು ಕೇಳುವುದು. ರಾತ್ರಿ ಹನ್ನೊಂದರ ತನಕ. ದನಿ ಏರಿಸುತ್ತಲೇ ಇರಲಿಲ್ಲ. ಅಕ್ಕಪಕ್ಕದವರಿಗೆ ದೇವರಂಥ ಮನುಷ್ಯ.

ಒಂದು ದಿನ ಪರ್ಸಿನಲ್ಲಿ ಲೆಕ್ಕಕ್ಕಿಂತ ಜಾಸ್ತಿ ಚಿಲ್ಲರೆ ಸಿಕ್ಕಿತು. ಮಾರನೇ ದಿನವೂ. ನೋಡಿದರೆ ಮಗಳು ತನ್ನ ಗೋಲಕದಿಂದ ಒಂದೆರಡು ರೂಪಾಯಿ ತೆಗೆದು ನನ್ನ ಪರ್ಸಿಗೆ ಹಾಕುತ್ತಿದ್ದಳು, ಲೆಕ್ಕ ಸರಿಹೋಗಲಿ ಅಂತ. ಆಗ ಅವಳಿಗೆ ಎಂಟು. ಅವತ್ತೇ ನಾನು ಬಿಡಲಿಲ್ಲ, ಸುಳ್ಳು ಯಾಕೆ ಹೇಳಲಿ, ಮತ್ತೆ ಎರಡು ವರ್ಷ ಇದ್ದೆ. ಬಂಗಾರ ಅವನ ಹತ್ತಿರ, ಎಟಿಎಂ ಕಾರ್ಡ್ ಅವನ ಹತ್ತಿರ. ಗೃಹಲಕ್ಷ್ಮಿ 2,000 ಬಂದರೂ ಮೆಸೇಜು ಅವನ ಫೋನಿಗೇ ಹೋಗುತ್ತಿತ್ತು. ಫ್ರೀ ಬಸ್ಸು ಇಲ್ಲದಿದ್ದರೆ ತಾಲ್ಲೂಕು ಆಫೀಸಿಗೆ ನಾಲ್ಕು ಸಲ ಓಡಾಡಲು ನನಗೆ ಆಗುತ್ತಿರಲಿಲ್ಲ. ಶಕ್ತಿ ಯೋಜನೆಯನ್ನು ಗೇಲಿ ಮಾಡುವವರಿಗೆ ಇದೊಂದು ಗೊತ್ತಿರಲಿ ಅಂತ ಬರೆದೆ.

ಕರಿಕೋಟು · 9:44

ಅಕ್ಕ, ನೀವು ಹೇಳಿದ್ದು ಕಾಯ್ದೆಯ 3ನೇ ಸೆಕ್ಷನ್‌ನಲ್ಲೇ ಇದೆ. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ, ಎಲ್ಲವೂ ಹಿಂಸೆಯೇ. ಖರ್ಚಿಗೆ ಕೊಡದೆ ಸತಾಯಿಸುವುದು, ಸ್ತ್ರೀಧನ ಇಟ್ಟುಕೊಳ್ಳುವುದು ಸೇರಿ.

ಬಯಲುಸೀಮೆ · 9:50

ಗೃಹಲಕ್ಷ್ಮಿ ದುಡ್ಡು ನಮ್ಮ ಕಡೆ ಎರಡು ತಿಂಗಳಿಂದ ಬಂದಿಲ್ಲ, ಯಾರಿಗಾದರೂ ಬಂದಿದೆಯಾ?

ಕಾಫಿಪುಡಿ · 9:51

ಬಯಲುಸೀಮೆಯವರೇ, ದಯವಿಟ್ಟು.

ಮಾತುಕಡಿಮೆ · 10:15

ಇದಕ್ಕೆಲ್ಲ ಮೂಲ ಎಣ್ಣೆ. ಬಂದ್ ಮಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ತುಂಗಾತೀರ · 10:22

ನಮ್ಮಪ್ಪ ಜೀವಮಾನದಲ್ಲಿ ಕುಡಿದವರಲ್ಲ. ಎಲೆಅಡಿಕೆ ಬಿಟ್ಟರೆ ಏನೂ ಇಲ್ಲ. ಸಾರಾಯಿಯನ್ನು 2007ರ ಜುಲೈನಲ್ಲಿ ಬಂದ್ ಮಾಡಿದರಲ್ಲ, ಹೊಡೆಯುವವರು ಬೇರೆ ಬಾಟಲಿ ಹಿಡಿದರು.

ಡ್ಯೂಟಿನರ್ಸ್ · 10:40

ಕುಡಿತ ಬೆಂಕಿಗೆ ತುಪ್ಪ, ಸರಿ. ಆದರೆ ಒಂದು ನೋಡಿ. ಎಷ್ಟೇ ಕುಡಿದರೂ ಅವನು ತನ್ನ ಮೇಸ್ತ್ರಿಗೆ ಹೊಡೆಯುವುದಿಲ್ಲ, ಟ್ರಾಫಿಕ್ ಪೊಲೀಸಿಗೆ ಹೊಡೆಯುವುದಿಲ್ಲ. ಮನೆಗೆ ಬಂದು ಚಿಲಕ ಹಾಕಿಯೇ ಹೊಡೆಯುತ್ತಾನೆ. ಕಣ್ಣಿಗೆ ಕಾಣದ ಜಾಗ ನೋಡಿ ಹೊಡೆಯುವ ಬುದ್ಧಿ ಇರುತ್ತದಲ್ಲ, ಆ ಅಮಲಿನಲ್ಲೂ.

ಕ್ಯಾಶುವಾಲಿಟಿಯಲ್ಲಿ ಹದಿನಾಲ್ಕು ವರ್ಷವಾಯಿತು. "ಬಚ್ಚಲಲ್ಲಿ ಜಾರಿ ಬಿದ್ದೆ ಸಿಸ್ಟರ್" ಎನ್ನುತ್ತಾರೆ. ಬಚ್ಚಲಲ್ಲಿ ಜಾರಿದವರಿಗೆ ಮೊಣಕೈ, ಸೊಂಟ ಪೆಟ್ಟಾಗುತ್ತದೆ, ಎರಡೂ ಮುಂಗೈ ಒಳಗಡೆ ಬೆರಳಿನ ಗುರುತು ಬೀಳುವುದಿಲ್ಲ. ಪಕ್ಕದಲ್ಲೇ ಗಂಡ ನಿಂತು ಪ್ರತಿ ಪ್ರಶ್ನೆಗೂ ತಾನೇ ಉತ್ತರ ಕೊಡುತ್ತಿರುತ್ತಾನೆ. ಯೂರಿನ್ ಟೆಸ್ಟ್ ಇದೆ ಅಂತ ನೆಪ ಹೇಳಿ ಅವಳೊಬ್ಬಳನ್ನೇ ಒಳಗೆ ಕರೆದುಕೊಂಡು ಹೋಗುವುದು ನಾವು ಕಲಿತಿರುವ ಉಪಾಯ. ಆಗಲೂ ಹತ್ತರಲ್ಲಿ ಒಬ್ಬಳು ಬಾಯಿ ಬಿಟ್ಟರೆ ಹೆಚ್ಚು. ಅವತ್ತು ದೂರು ಕೊಡದಿದ್ದರೂ ಪರವಾಗಿಲ್ಲ, ನಿಜವಾದ ಕಾರಣ ಹೇಳಿ ಎಂಎಲ್‌ಸಿ ಬರೆಸಿ, ಅಂದರೆ ಪೆಟ್ಟಿನ ಬಗ್ಗೆ ಆಸ್ಪತ್ರೆ ಮಾಡುವ ಕಾನೂನು ದಾಖಲೆ. ಮುಂದೆ ಯಾವತ್ತೋ ಕೋರ್ಟಿನಲ್ಲಿ ಆ ಕಾಗದವೇ ಮಾತಾಡುತ್ತದೆ.

ಕೆಳಗಿನಮನೆ ಅಕ್ಕ, ಒಂದು ಮುಖ್ಯ ವಿಷಯ. ಕತ್ತು ಹಿಸುಕಿದ್ದಾನಾ ಎಂದು ಹೇಗಾದರೂ ತಿಳಿದುಕೊಳ್ಳಿ. ಹೊರಗೆ ಗುರುತೇ ಇಲ್ಲದಿರಬಹುದು. ದನಿ ಒಡೆದಿರುತ್ತದೆ, ನುಂಗಲು ನೋವು, ಕಣ್ಣಲ್ಲಿ ಕೆಂಪು ಚುಕ್ಕೆ. ಒಮ್ಮೆ ಕತ್ತಿಗೆ ಕೈ ಹಾಕಿದವನು ಮುಂದೆ ಜೀವ ತೆಗೆಯುವ ಸಾಧ್ಯತೆ ತುಂಬಾ ಜಾಸ್ತಿ. ಹಾಗೇ ಅವಳು ಬಿಟ್ಟುಹೋಗುತ್ತೇನೆ ಎಂದು ಬಾಯಿ ಬಿಟ್ಟು ಹೇಳುವ ದಿನ, ಹೊರಟ ವಾರ, ಇವೇ ಎಲ್ಲಕ್ಕಿಂತ ಅಪಾಯದ ದಿನಗಳು. "ಬಿಟ್ಟು ಬಾರಮ್ಮ" ಅಂತ ಹೇಳುವುದು ಸುಲಭ.

ಒಂದನೇಕ್ಲಾಸ್‌ಟೀಚರ್ · 11:05

ನನ್ನ ಕ್ಲಾಸಿನಲ್ಲಿ ಈ ಮಕ್ಕಳು ಎರಡು ಥರ. ಒಂದು ಥರದವರನ್ನು ಎಲ್ಲರೂ ಗುರುತು ಹಿಡಿಯುತ್ತಾರೆ. ಹೊಡೆಯುತ್ತಾರೆ, ಕಚ್ಚುತ್ತಾರೆ, ಪಾಠದ ನಡುವೆ ನಿದ್ದೆ ಮಾಡುತ್ತಾರೆ. ರಾತ್ರಿ ಮಲಗಿದ್ದರಲ್ಲವೇ ಹಗಲು ಎಚ್ಚರವಿರಲು? ಒಬ್ಬ ಹುಡುಗ ಪಕ್ಕದ ಹುಡುಗಿಗೆ ಕೈ ಎತ್ತಿ "ನನಗೆ ತಿರುಗಿ ಮಾತಾಡ್ತೀಯಾ" ಎಂದ. ಆರು ವರ್ಷದವನ ಬಾಯಲ್ಲಿ ಬರುವ ಮಾತಲ್ಲ ಅದು.

ಇನ್ನೊಂದು ಥರದವರು ಕಣ್ಣಿಗೇ ಬೀಳುವುದಿಲ್ಲ. ತುಂಬಾ ಒಳ್ಳೆಯ ಮಕ್ಕಳು. ಚಪ್ಪಲಿ ಸಾಲಾಗಿ ಜೋಡಿಸುತ್ತಾರೆ, ಮಿಸ್ ಸುಸ್ತಾಗಿದ್ದೀರಾ ಎಂದು ಕೇಳುತ್ತಾರೆ, ತಮ್ಮನ ಮೂಗು ಒರೆಸುತ್ತಾರೆ. ನಾನು ಮೊದಲೆಲ್ಲ ಅವರನ್ನು ಹೊಗಳುತ್ತಿದ್ದೆ. ಈಗ ನನಗೆ ಭಯ ಅವರ ಬಗ್ಗೆಯೇ. ದೊಡ್ಡವರ ಮುಖ ಓದಿ ಓದಿ ಆ ಮಕ್ಕಳಿಗೆ ತಮ್ಮ ಆಟವೇ ಮರೆತುಹೋಗಿರುತ್ತದೆ. ನಿಮ್ಮ ಹುಡುಗ ಬೈಕ್ ಸದ್ದು ಓದುತ್ತಾನಲ್ಲ, ಹಾಗೆ.

ನಾವು ಮಾಡಬಹುದಾದದ್ದು ಚಿಕ್ಕದು. ಎಲ್ಲರ ಮುಂದೆ ಕೇಳಬಾರದು, "ಅಪ್ಪನಾ ಅಮ್ಮನಾ ಯಾರು ಇಷ್ಟ" ಅಂತಂತೂ ಕೇಳಲೇಬಾರದು. ಇದು ನಿನ್ನಿಂದ ಆಗಿದ್ದಲ್ಲ ಎಂದು ಹೇಳಬೇಕು. ಎಷ್ಟೋ ಮಕ್ಕಳು ನಾನು ಮಾರ್ಕ್ಸ್ ಕಮ್ಮಿ ತೆಗೆದದ್ದಕ್ಕೇ ಅಪ್ಪ ಅಮ್ಮನಿಗೆ ಹೊಡೆದ ಎಂದು ನಂಬಿರುತ್ತಾರೆ. ಮಗುವಿಗೇ ಪೆಟ್ಟು ಬೀಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಥೇಮ್ಸ್‌ತಟ · ಮಧ್ಯಾಹ್ನ 1:30

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ 2021ರ ಕಾನೂನಿನಲ್ಲಿ, ಮನೆಯ ಹಿಂಸೆಯನ್ನು ನೋಡಿದ, ಕೇಳಿಸಿಕೊಂಡ ಮಗುವನ್ನೂ ಸಂತ್ರಸ್ತ ಎಂದೇ ಬರೆದಿದ್ದಾರೆ. ಮೈಗೆ ಏಟು ಬಿದ್ದಿರಲೇಬೇಕು ಅಂತಿಲ್ಲ. ಬ್ಯಾಡಗಿಖಾರ ಅಕ್ಕ ಹೇಳಿದ ಥರ ಹೊಡೆಯದೇ ಕಟ್ಟಿಹಾಕುವುದು 2015ರಿಂದಲೇ ಅಪರಾಧ. ಹಾಗಂತ ನಮ್ಮವರು ಇಲ್ಲಿ ಬಂದು ಬದಲಾಗಿದ್ದಾರೆ ಎಂದಲ್ಲ. ರಾಜ್ಯೋತ್ಸವದಲ್ಲಿ ರೇಷ್ಮೆ ಪಂಚೆ ಉಟ್ಟು ಹಾಡು ಹೇಳುವವರ ಮನೆಯಲ್ಲಿ ಹೆಂಡತಿಯ ಪಾಸ್‌ಪೋರ್ಟ್ ಗಂಡನ ಲಾಕರಿನಲ್ಲಿರುತ್ತದೆ. ವೀಸಾ ಅವನ ಮೇಲೆ ನಿಂತಿದೆ, ಭಾಷೆ ಬರಲ್ಲ, ತವರಿಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ.

ಮಾತುಕಡಿಮೆ · 1:36

ಎಲ್ಲದಕ್ಕೂ ಫಾರಿನ್ ಉದಾಹರಣೆ.

ಥೇಮ್ಸ್‌ತಟ · 1:37

ಹೆಸರಿಗೆ ತಕ್ಕ ಹಾಗೆ ಇರಿ ಸರ್.

ರಾಗಿಮುದ್ದೆ · 2:10

ನಾನು ರಾತ್ರಿಯಿಂದ ಯೋಚನೆ ಮಾಡಿದೆ. ಎರಡೂ ಕಡೆ ಹಿರಿಯರನ್ನು ಕರೆಸಿ ಕೂರಿಸಿ ಮಾತಾಡಿಸಿದರೆ ಹೇಗೆ?

ಬ್ಯಾಡಗಿಖಾರ · 2:18

ನನ್ನದು ಮೂರು ಸಲ ಕೂರಿಸಿದ್ದಾರೆ. ಚಹಾ ಚೂಡಾ ಆಯಿತು. ಪ್ರತಿ ಸಲವೂ ನನ್ನ ಕೈಲೇ ಸಹಿ ಹಾಕಿಸಿದರು, ಇನ್ನು ಮುಂದೆ ಗಂಡನಿಗೆ ಎದುರು ಮಾತಾಡುವುದಿಲ್ಲ ಅಂತ. ಅವನ ಕೈಲಿ ಒಂದು ಗೆರೆ ಬರೆಸಲಿಲ್ಲ. ಹಿರಿಯರು ಎದ್ದುಹೋದ ರಾತ್ರಿ ಹೇಗಿರುತ್ತದೆ ಗೊತ್ತಾ?

ಸೋರೆಬುರುಡೆ · 2:40

ಲಾಟೀನು ಅಜ್ಜಿಯ ಉಪಾಯವೇ ಸರಿ. 2008ರ ಸುಮಾರಿಗೆ ಟಿವಿಯಲ್ಲಿ ಬೆಲ್ ಬಜಾವೊ ಅಂತ ಜಾಹೀರಾತು ಬರುತ್ತಿತ್ತು, ನೆನಪಿದೆಯಾ? ಜಗಳ ಕೇಳಿಸಿದರೆ ಹೋಗಿ ಬೆಲ್ ಒತ್ತುವುದು, ಏನೋ ನೆಪ ಹೇಳುವುದು. ಹೆಪ್ಪು ಹಾಕಲು ಎರಡು ಚಮಚ ಮೊಸರು ಕೊಡಿ ಅಂತ ಕೇಳಿ.

ಶಾನುಭೋಗರಮೊಮ್ಮಗಳು · 2:47

ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಕೇಳಬಾರದು. ಕೊಡುವುದೂ ಇಲ್ಲ ಯಾರೂ.

ಸೋರೆಬುರುಡೆ · 2:49

ಕೊಡದಿದ್ದರೆ ಇನ್ನೂ ಒಳ್ಳೆಯದು, ಬಾಗಿಲಲ್ಲಿ ನಿಂತು ಯಾಕೆ ಕೊಡಬಾರದು ಅಂತ ಹತ್ತು ನಿಮಿಷ ಚರ್ಚೆ ಮಾಡಬಹುದು

ಡ್ಯೂಟಿನರ್ಸ್ · 3:05

ಒಬ್ಬರೇ ಹೋಗಬೇಡಿ, ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಳಗೆ ಕಾಲಿಡಬೇಡಿ. ಯಾಕೆ ಹೊಡೀತಿದ್ದೀಯ ಅಂತ ಅವನನ್ನು ಕೇಳಲೇಬೇಡಿ, ಅದರ ಲೆಕ್ಕ ಆಮೇಲೆ ಅವಳ ಮೇಲೆ ತೀರುತ್ತದೆ. ವಾಟ್ಸಾಪ್‌ನಲ್ಲಿ ಏನೂ ಕಳಿಸಬೇಡಿ, ಫೋನ್ ಅವನೂ ನೋಡುತ್ತಾನೆ. ಮಹಿಳಾ ಸಹಾಯವಾಣಿ 181 ಅಂತ ಬಾಯಲ್ಲಿ ಹೇಳಿದರೆ ಸಾಕು, ಮೂರೇ ಅಂಕಿ. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇದೆ, ತುರ್ತಿಗೆ ನಾಲ್ಕೈದು ದಿನ ಇರಲು ಜಾಗ, ಕೌನ್ಸೆಲಿಂಗ್, ವಕೀಲರು ಒಂದೇ ಕಡೆ. ಮತ್ತೆ ಕಾಗದಗಳು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ. ಇವುಗಳ ಜೆರಾಕ್ಸ್ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ.

ಕೆಳಗಿನಮನೆ · ಒಂಬತ್ತು ದಿನದ ನಂತರ, ಸಂಜೆ 5:50

ಎಲ್ಲರಿಗೂ ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ. ನಾಲ್ಕು ದಿನದ ಹಿಂದೆ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಸಿಕ್ಕಳು. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ, "ರಾತ್ರಿ ನಿದ್ದೆ ಬರುತ್ತಾ ನಿಂಗೆ?" ಅಂದೆ. ಕ್ಲಿಪ್ ಬಾಯಲ್ಲಿ ಕಚ್ಚಿಕೊಂಡಿದ್ದಳು. ತೆಗೆದು "ಕೆಳಗೆ ಕೇಳಿಸುತ್ತಾ ಅಕ್ಕ?" ಅಂದಳು. ಇಷ್ಟು ದಿನ ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡಿದ್ದಳಂತೆ. ಅದಕ್ಕೇ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದದ್ದು ಅಂದಳು. ಈಗ ನನಗೆ ಆ ಏನೂ ಇಲ್ಲದ ಹೊತ್ತು ಏನು ಅಂತ ಗೊತ್ತಾಯಿತು.

ಕತ್ತಿನ ವಿಷಯ ಕೇಳಿದೆ. ಇಲ್ಲ ಅಂದಳು. ನಂಬಬೇಕೋ ಬೇಡವೋ. 181 ಹೇಳಿದೆ, ಸಿಡಿಪಿಒ ಆಫೀಸು ಹೇಳಿದೆ. ಈಗಲೇ ಬೇಡ, ಹುಡುಗನ ಪರೀಕ್ಷೆ ಮುಗಿಯಲಿ ಎನ್ನುತ್ತಾಳೆ. ನನಗೆ ಬೇಜಾರಾಯಿತು, ಆದರೆ ಮಾರನೇ ದಿನ ತಾನೇ ಬಂದು ಒಂದು ಕವರ್ ಕೊಟ್ಟು ಹೋದಳು, ಹಳೇ ಮದುವೆ ಪತ್ರಿಕೆಯದ್ದು. ಒಳಗೆ ಎಲ್ಲ ಜೆರಾಕ್ಸ್, ಜೊತೆಗೆ 1,400 ರೂಪಾಯಿ. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ.

ಬೆಲ್ ಕೂಡ ಒತ್ತಿದೆವು, ಮೊನ್ನೆ ರಾತ್ರಿ. ನಮ್ಮ ಮನೆಯವರು ನನ್ನ ಹಿಂದೆ ಟಾರ್ಚ್ ಹಿಡಿದು ನಿಂತಿದ್ದರು, ಕರೆಂಟ್ ಇದ್ದರೂ. ಬಾಗಿಲು ತೆಗೆದದ್ದು ಅವನೇ. ಹೆಪ್ಪಿಗೆ ಮೊಸರು ಬೇಕಿತ್ತು ಅಂದೆ. ಒಂದು ನಿಮಿಷ ಹಾಗೇ ನೋಡಿದ. ಇಲ್ಲ, ಬೆಳಿಗ್ಗೆ ಕೊಡುತ್ತಾರೆ ಎಂದು ಬಾಗಿಲು ಹಾಕಿದ. ಆಮೇಲೆ ಸದ್ದಿಲ್ಲ. ಆದರೆ ಸದ್ದಿಲ್ಲ ಅಂದರೆ ಏನು ಅಂತ ಈಗ ಗೊತ್ತಲ್ಲ, ನಾವಿಬ್ಬರೂ ಎರಡು ಗಂಟೆ ತನಕ ಮೆಟ್ಟಿಲ ಮೇಲೇ ಕೂತಿದ್ದೆವು. ಬೆಳಿಗ್ಗೆ ಹುಡುಗ ಬಟ್ಟಲು ತಂದುಕೊಟ್ಟ. ಎರಡು ಚಮಚ ಕೇಳಿದ್ದು ನಾನು, ತುಂಬಾ ಮೊಸರು ಹಾಕಿ ಕಳಿಸಿದ್ದಳು.

ಶಾನುಭೋಗರಮೊಮ್ಮಗಳು · 5:58

ನಾನು ರಾತ್ರಿ ಮೊಸರು ಕೇಳಬಾರದು ಅಂದಿದ್ದನ್ನು ವಾಪಸ್ ತೆಗೆದುಕೊಂಡೆ.

ಬ್ಯಾಡಗಿಖಾರ · 6:03

ಪರೀಕ್ಷೆ ಮುಗಿಯಲಿ ಅಂದಳಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನು ಎರಡು ದೀಪಾವಳಿ ಮುಗಿಯಲಿ ಅಂದಿದ್ದೆ. ಕವರ್ ಕೊಟ್ಟಿದ್ದಾಳೆ, ಅದು ದೊಡ್ಡದು.

ತುಂಗಾತೀರ · 6:20

ಇವತ್ತು ಯಾವ ಸ್ಟ್ಯಾಂಡ್ ಅಕ್ಕ?

ಕೆಳಗಿನಮನೆ · 6:24

ಇನ್ನೂ ಬಂದಿಲ್ಲ. ಹುಡುಗ ಇಲ್ಲೇ ಇದ್ದಾನೆ, ಏಳರ ಮಗ್ಗಿ ಬರೆಯುತ್ತಿದ್ದಾನೆ.